ತಂತಿಗೆ ಏಳನೆಯದು

ನಾಮಕ್ಕಲ್ ದಾಟಿದ ಕೂಡಲೇ ಲಾರಿಯ ಮುಂದಿನ ಚಕ್ರ ಗಾಳಿ ಹೋಗಿ ಕೂತುಬಿಟ್ಟಿತು. ಹತ್ತೂವರೆಗೆ ಮೋಹನೂರಿನಲ್ಲಿ ತಂಗಿಯ ಮಗಳ ಕಿವಿ ಚುಚ್ಚುವ ಶಾಸ್ತ್ರ. ಮಗು ಸೋದರಮಾವನ ತೊಡೆಯ ಮೇಲೇ ಕೂರಬೇಕು. ಆ ಸೋದರಮಾವ, ಲಾರಿ ಡ್ರೈವರ್ ಮರುದೈ, ತಿಲಕವತಿಯ ಟೈರ್ ಅಂಗಡಿಯ ಮುಂದೆ ನಿಂತು ಗಡಿಯಾರ ನೋಡುತ್ತಿದ್ದ.

ತಿಲಕವತಿ ಕಿವಿಗೆ ಹತ್ತಿ ತುರುಕಿ, ದಪ್ಪ ಕನ್ನಡಕ ಏರಿಸಿ, ನಟ್ಟು ತಿರುಗಿಸುವ ಗಾಳಿ ಗನ್ನಿನಿಂದ ಚಕ್ರ ಬಿಚ್ಚಿ ಬೇರೆಯದನ್ನು ಕೂರಿಸಿದಳು. ಬಾಗಿಲಲ್ಲಿ ಒಡೆದ ಸಾಕೆಟ್‌ಗಳ, ಅಂದರೆ ನಟ್ಟಿನ ಮೇಲೆ ಕೂರುವ ಉಕ್ಕಿನ ಬಟ್ಟಲುಗಳ, ಸರವೊಂದು ತಂತಿಯಲ್ಲಿ ತೂಗುತ್ತಿತ್ತು.

“ದೃಷ್ಟಿಗೆ ನಿಂಬೆಹಣ್ಣು ಸಿಗಲಿಲ್ವೇನಕ್ಕಾ?” ಮರುದೈ ನಕ್ಕ. ಅವಳಿಗೆ ಕೇಳಿಸಲಿಲ್ಲ.

ನಟ್ಟುಗಳನ್ನು ಗನ್ನಿನಲ್ಲಿ ಹಗುರವಾಗಿ ಹಿಡಿಸಿದ ಮೇಲೆ ಗಾಳಿಯ ಪೈಪು ಕಳಚಿಟ್ಟಳು. ಗನ್ನಿನ ಕರಿ ಸಾಕೆಟ್ಟನ್ನು ಉದ್ದ ಹಿಡಿಗೆ ಸಿಕ್ಕಿಸಿ, ಕಿವಿಯ ಹತ್ತಿ ತೆಗೆದು, ಕೈಯಲ್ಲೇ ಬಿಗಿಯತೊಡಗಿದಳು.

“ಗನ್ ಇಟ್ಕೊಂಡು ಕೈಯಲ್ಲಿ ತಿರುಗಿಸ್ತೀಯಲ್ಲಕ್ಕಾ! ಅಷ್ಟರಲ್ಲಿ ಮಗೂಗೆ ಮದುವೆ ವಯಸ್ಸಾಗುತ್ತೆ!”

“ಎಷ್ಟು ಬಿಗೀತು ಅಂತ ಗನ್ನಿಗೆ ಗೊತ್ತಾಗಲ್ಲ, ಬೋಲ್ಟು ಮುರಿದ್ರೂ ಬಡೀತಾನೇ ಇರುತ್ತೆ. ಕೈಗೆ ಗೊತ್ತಾಗುತ್ತೆ.”

ಮರುದೈ ಕಾಯಲಿಲ್ಲ. ಲಾರಿಯ ಪೆಟ್ಟಿಗೆಯಿಂದ ತನ್ನ ಹೊಳೆಯುವ ಸಾಕೆಟ್ ತಂದು ಗನ್ನಿಗೆ ಹಾಕಿ, ಪೈಪು ಸಿಕ್ಕಿಸಿ, ಬಗ್ಗಿ ನಟ್ಟಿಗೆ ಹಿಡಿದ. ತಿಲಕವತಿ ಕೂಗಲಿಲ್ಲ, ನೇರ ಕಂಪ್ರೆಸರಿನ ಬಳಿ ಓಡಿ ಗಾಳಿ ನಿಲ್ಲಿಸಿದಳು. ಅವನು ಒತ್ತಿದಾಗ ಪೈಪಿನಲ್ಲಿ ಉಳಿದ ಗಾಳಿಗೇ ಗನ್ ಎರಡು ಸಲ ಬಡಿದು ತಣ್ಣಗಾಯಿತು. ಸಾಕೆಟ್ ಸೀಳಿತ್ತು. ಅದರ ಚೂರೊಂದು ಮರುದೈಯ ಕೆನ್ನೆಯ ಪಕ್ಕದಲ್ಲೇ ಹಾದು ತಗಡಿನ ಬೋರ್ಡಿಗೆ ಟಣ್ ಎಂದು ಬಡಿಯಿತು.

ತಿಲಕವತಿ ಆ ಚೂರನ್ನು ಹೆಕ್ಕಿ ಅವನ ಅಂಗೈಯಲ್ಲಿಟ್ಟಳು.

“ಇದು ಬರೀ ತಿರುಗಿಸಲ್ಲ ತಮ್ಮಾ, ಒಳಗೆ ಸುತ್ತಿಗೆ ಹೊಡೆಯುತ್ತೆ. ಹೊಳೆಯೋದು ಕೈಕೆಲಸಕ್ಕೆ. ಏಟು ತಿನ್ನೋಕೆ ಕರೀದೇ ಬೇಕು.”

ಉಳಿದ ನಟ್ಟುಗಳನ್ನು ಅವಳು ಸಾವಕಾಶವಾಗಿ ಬಿಗಿದಳು. ಅವನು ಗಡಿಯಾರ ನೋಡಲಿಲ್ಲ. ಗಂಟೆ ಇನ್ನೂ ಒಂಬತ್ತೂಮುಕ್ಕಾಲು. ಮೋಹನೂರಿಗೆ ಅರ್ಧ ಗಂಟೆ ಸಾಕಿತ್ತು. ಸೀಳಿದ ಸಾಕೆಟ್ಟನ್ನು ತಾನೇ ತಂತಿಗೆ ಪೋಣಿಸಿದ.

“ಏಳನೇದು. ಮಿಕ್ಕಿದ್ದು ಯಾರದಕ್ಕಾ?”

“ಐದು ನಿನ್ನಂಥ ಅವಸರದವರದು.”

“ಮೊದಲ್ನೇದು?”

ತಿಲಕವತಿ ಕನ್ನಡಕವನ್ನು ಹಣೆಗೇರಿಸಿದಳು. ಹಳೆಯ ಗಾಯವೊಂದು ಎಡಹುಬ್ಬನ್ನು ಎರಡಾಗಿ ಸೀಳಿತ್ತು. ಅದರ ಕೆಳಗೆ ಕಣ್ಣು ನಗುತ್ತಿತ್ತು.

“ಹೋಗು ಹೋಗು. ಕಿವಿ ಚುಚ್ಚುವಾಗ ಮಗು ತಿರುಗಿ ನಿನ್ನ ಮುಖಾನೇ ನೋಡೋದು.”

ಮರುದೈ ಲಾರಿ ಹತ್ತಿ, ಕನ್ನಡಿಯನ್ನು ತನ್ನ ಕಡೆ ತಿರುಗಿಸಿಕೊಂಡು, ಎರಡೂ ಕಣ್ಣನ್ನು ಒಂದೊಂದಾಗಿ ಮುಚ್ಚಿ ತೆರೆದ.