ಕದಿರೇಶನ ಮೇಲ್ ಐಡಿ

“ಕದಿರೇಶ, ನಮ್ ಚಂದನಂಗೆ ಬಂದಿರೋ ಮೇಲು ಎಲ್ಲಪ್ಪ?”

ಪಕ್ಕದ ಮನೆಯ ಭಾರತಮ್ಮ ಬಾಗಿಲಲ್ಲೇ ನಿಂತು ಕೇಳಿದಳು. ವಾರದ ರಜೆಯೆಂದು ನಿಧಾನವಾಗಿ ಉಣ್ಣುತ್ತಿದ್ದ ಕದಿರೇಶ ಮುರಿದ ಮುದ್ದೆಯನ್ನು ತಟ್ಟೆಗೇ ಬಿಟ್ಟ.

ಹೋಳೂರಿನ ಆ ಬೀದಿಗೆಲ್ಲ ಮೇಲ್ ಐಡಿ ಎಂದರೆ ಅವನದೇ. ಯಾವ ಅರ್ಜಿಯಲ್ಲಿ ಆ ಜಾಗ ಬಂದರೂ ಜನ ಕಣ್ಣು ಮುಚ್ಚಿಕೊಂಡು ಅವನದನ್ನು ಬರೆಸುತ್ತಿದ್ದರು. ಊರಿನ ಮೇಲುಗಳ ನಡುವೆ ಮಾಲೂರಿನ ಕಾರ್ಖಾನೆಯ ತನ್ನ ಮೇಲುಗಳೇ ಸಿಗದಂತಾದಾಗ, ಹೋದ ವಾರ ಅವನು ಹೊಸ ಆ್ಯಪ್ ಹಾಕಿಕೊಂಡಿದ್ದ. ಬೇಕಾದ್ದು ಬೇಡದ್ದನ್ನು ಅದೇ ಬೇರ್ಪಡಿಸುತ್ತದಂತೆ, ಕೆಲಸ ಚುರುಕಾಗುತ್ತದಂತೆ. ಇನ್‌ಬಾಕ್ಸ್ ಸಾರಿಸಿದ ಅಂಗಳದ ಹಾಗೆ ಆಗಿದ್ದೇನೋ ನಿಜ. ಆ ಖುಷಿಯಲ್ಲಿ ಉಳಿದವರ ಮೇಲುಗಳು ಎಲ್ಲಿ ಹೋದವೆಂದು ಈ ಪುಣ್ಯಾತ್ಮ ಯೋಚಿಸಿರಲಿಲ್ಲ.

“ಜೊತೇಲಿ ಇಂಟರ್ವ್ಯೂಗೆ ಹೋಗಿದ್ದ ಮೌನಿಕಂಗೆ ನರ್ಸ್ ಕೆಲಸ ಸಿಕ್ತಂತೆ. ಒಪ್ಪಿಗೆ ಅಂತ ಇವತ್ತು ಸಾಯಂಕಾಲದೊಳಗೇ ತಿಳಿಸ್ಬೇಕಂತೆ. ನಮ್ಮ ಹುಡುಗಿ ತಾನು ಫೇಲು ಅಂತ ಅನ್ನ ಬಿಟ್ಟು ಮಲಗೈತೆ.”

ಕದಿರೇಶ ಎಡಗೈಯಲ್ಲೇ ಫೋನು ತಡಕಿದ. ‘ಮುಖ್ಯವಾದವು’ ಎಂಬಲ್ಲಿ ಇರಲಿಲ್ಲ. ‘ಆಮೇಲೆ ನೋಡಿ’ ಎಂಬಲ್ಲೂ ಇರಲಿಲ್ಲ. ಕಟ್ಟಕಡೆಗೆ ‘ನಿಮಗೆ ಸಂಬಂಧಿಸದವು’ ಎಂಬುದನ್ನು ತೆರೆದರೆ ಬೀದಿಗೆ ಬೀದಿಯೇ ಅಲ್ಲಿ ಬಿದ್ದಿತ್ತು. ನರಸಿಂಹಪ್ಪನ ಪಿಂಚಣಿ, ಕೋದಂಡರಾಮಪ್ಪನ ಕರೆಂಟು, ಆಂಜಿನಪ್ಪನ ಮೊಮ್ಮಗಳ ಹಾಲ್ ಟಿಕೆಟ್ಟು. ಅವುಗಳ ಕೆಳಗೆ ಚಂದನಳ ಹೆಸರು.

“ಸಿಕ್ತು ಅಕ್ಕಾ! ಕೆಲಸ ಆಗೈತೆ!”

“ಅಯ್ಯೋ ದೇವುಡಾ! ಲೇ ಚಂದನಾ, ಎದ್ದು ಬಾರೇ!”

ಕೆದರಿದ ತಲೆಯಲ್ಲೇ ಓಡಿ ಬಂದ ಚಂದನ ‘ಒಪ್ಪಿಗೆ’ ಒತ್ತಿದಳು. ತಲುಪಿತೆಂದು ಆಸ್ಪತ್ರೆಯಿಂದ ಮರುಕ್ಷಣವೇ ಉತ್ತರ ಬಂತು. ಭಾರತಮ್ಮ ಹೊಸ್ತಿಲಲ್ಲೇ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಕದಿರೇಶನಿಗೂ ಹೋದ ಜೀವ ಬಂದಂತಾಯಿತು.

“ತಪ್ಪಾಯ್ತಕ್ಕ” ಎನ್ನುತ್ತ ಅವನು ಅಲ್ಲಿದ್ದ ಮೇಲುಗಳನ್ನೆಲ್ಲ ‘ಮುಖ್ಯವಾದವು’ ಕಡೆಗೆ ಎಳೆದ. ಆ್ಯಪ್ ಒಪ್ಪಲಿಲ್ಲ. ಅಡ್ಡ ಬಂದು ಏನೋ ಕೇಳಿತು.

“ಏನಂತೆ?” ಎಂದಳು ಭಾರತಮ್ಮ.

“ಇವರೆಲ್ಲ ನಿಮಗೆ ಬೇಕಾದೋರೇನಾ ಅಂತ ಕೇಳ್ತೈತೆ.”

“ಹೌದು ಅಂತ ಒತ್ತಪ್ಪ. ಅದಕ್ಕೇನ್ ಗೊತ್ತು ಪಾಪ, ಊರಿಗೆ ಹೊಸದು.”