ಅರ್ಧ ನಿಮಿಷ

ಆ ಬೆಳಿಗ್ಗೆ ಯುನೊಸಾವಾ ನಿಲ್ದಾಣದ ಮೇಲೆ ಹಿಮ ಸದ್ದಿಲ್ಲದೆ ಬೀಳುತ್ತಿತ್ತು. ಏಳು ನಲವತ್ತೆರಡಕ್ಕೆ ಸರಿಯಾಗಿ ಚಾಲಕ ಕುರಮೊಚಿ ಸಿಗ್ನಲ್ಲಿಗೆ ಬೆರಳು ತೋರಿಸಿ, ವಾಡಿಕೆಯಂತೆ "ಹಸಿರು! ಹೊರಟೆ!" ಎಂದು ಕೂಗಬೇಕಿತ್ತು. ಬೆರಳು ಎತ್ತಿದಂತೆಯೇ ಇತ್ತು, ಕೂಗು ಬಾಯಿಂದ ಹೊರಡಲಿಲ್ಲ. ಕನ್ನಡಿಯಲ್ಲಿ ತೊಕಿ ಅಜ್ಜಿ ಕೋಲೂರಿಕೊಂಡು ಬರುತ್ತಿದ್ದಳು.

"ಏನಪ್ಪಾ ಕುರಮೊಚಿ, ನಾಳೆಯಿಂದ ಈ ದಾರಿ ಮುಚ್ಚುತ್ತೆ, ಇದೇ ಕೊನೇ ರೈಲು ಅಂತ ಗಡಿಯಾರಾನೂ ಅಳ್ತಾ ಕೂತಿದ್ಯಾ?" ಎಂದು ಒಳಗೆ ಕೂತಿದ್ದ ಮೀನಿನ ಬುಟ್ಟಿಯವನು ಕೆಣಕಿದ. ಉಳಿದವರು ನಕ್ಕರು.

ಇಪ್ಪತ್ತಾರು ವರ್ಷದ ಹಿಂದೆ ಇದೇ ತೊಕಿ ಅರ್ಧ ನಿಮಿಷ ತಡವಾಗಿ ಓಡಿಬಂದಿದ್ದಳು. ಪಟ್ಟಣದ ಆಸ್ಪತ್ರೆಯಲ್ಲಿ ಗಂಡ ಅವಳಿಗಾಗಿ ಕೊನೆಯುಸಿರು ಹಿಡಿದುಕೊಂಡಿದ್ದ. ಅವಳು ಬರುವುದು ಕನ್ನಡಿಯಲ್ಲಿ ಕಂಡರೂ ಕುರಮೊಚಿ ಹೊತ್ತಿಗೆ ಸರಿಯಾಗಿ ಹೊರಟುಬಿಟ್ಟಿದ್ದ. ಮುಂದಿನ ರೈಲಿಗೆ ಹೋದವಳಿಗೆ ಗಂಡ ಜೀವಂತ ಸಿಗಲಿಲ್ಲ. ಅದನ್ನು ಅವಳು ಒಂದು ದಿನವೂ ಆಡಿ ತೋರಿಸಲಿಲ್ಲ. ಹತ್ತಿದಾಗಲೆಲ್ಲ "ಜಿಜೋ ದೇವರು ನಿನ್ನ ಕಾಯಲಿ" ಎಂದು ತಲೆಬಾಗುತ್ತಿದ್ದಳು. ಕುರಮೊಚಿಯನ್ನು ಒಳಗೊಳಗೇ ಸುಟ್ಟದ್ದು ಆ ಹಾರೈಕೆಯೇ.

ಅಜ್ಜಿ ಏದುಸಿರು ಬಿಡುತ್ತ ಹತ್ತಿ ಗಡಿಯಾರ ನೋಡಿದಳು. "ಅಯ್ಯೋ, ನನ್ನಿಂದ ತಡ ಆಯ್ತಲ್ಲೋ ಮಗನೇ! ಕೊನೇ ದಿನ ನಿನ್ನ ಹೆಸರು ಕೆಡಿಸಿದೆ."

ಕುರಮೊಚಿ ಟೋಪಿ ತೆಗೆದು ತಲೆಬಾಗಿದ. "ಇಲ್ಲ ಅಜ್ಜಿ. ಇದು ನಿಮ್ಮದೇ ಅರ್ಧ ನಿಮಿಷ. ಅವತ್ತು ನನ್ನ ಹತ್ರ ಉಳಿದುಹೋಗಿತ್ತು."