ಒಂದೇ ಸಲ ಒತ್ತುವ ಆಟ

ಒಬ್ಬರು ದಿನಕ್ಕೆ ಇಪ್ಪತ್ತೇ ಸಲ ಫೋನಿನ ಪರದೆ ಒತ್ತಬಹುದೆಂಬ ನಿಯಮ ಬಂದು ಆರು ವರ್ಷವಾಗಿತ್ತು. ಹುಬ್ಬಳ್ಳಿಯ ನೀಲಾಂಬಿಕಾ ಎರಡು ವರ್ಷ ಒಬ್ಬಳೇ ಕೂತು, ಒಂದೇ ಸಲ ಒತ್ತಿ ಬಿಡಿಸುವ ಒಗಟಿನ ಆಟ ಕಟ್ಟಿ, ಅಂದು ಬೆಳಿಗ್ಗೆ ಬಿಡುಗಡೆ ಮಾಡಿದಳು. ಸಂಜೆಯಾದರೂ ಯಾರೂ ಆಡಲಿಲ್ಲ. ಸಪ್ಪೆ ಮೋರೆ ಹಾಕಿಕೊಂಡು ಕೆಳಗಿಳಿದರೆ, ಮನೆಯೊಡತಿ ಶಾಂತವ್ವ ಕಟ್ಟೆಯ ಮೇಲೆ ಕೂತು ಅದೇ ಆಟವನ್ನು ದಿಟ್ಟಿಸುತ್ತಿದ್ದರು.

“ಇನ್ನೂ ಒತ್ತಿಲ್ಲೇನ್ರಿ, ಅವ್ವಾರ?”

“ತಡಿಯವ್ವಾ, ಒಂದ್ ತಾಸಾತು ವಿಚಾರ ಮಾಡಾಕತ್ತೇನಿ. ಇವತ್ತಿಂದು ಒಂದ ಸಲ ಉಳದೈತಿ. ತಂಗಿಗೆ ಫೋನ್ ಹಚ್ಚಾಕಂತ ಇಟ್ಟಿದ್ದೆ.”

“ಹಂಗಾರ ಫೋನ್ ಹಚ್ರಿ, ಪಾಪ ಕಾಯ್ತಿರ್ತಾರ.”

ಶಾಂತವ್ವ ಕಣ್ಣು ಕಿರಿದು ಮಾಡಿ, ಮೂಲೆಯ ಕೆಂಪು ಚೌಕವನ್ನು ಒತ್ತಿಯೇಬಿಟ್ಟರು. ಒಗಟು ಬಿಚ್ಚಿಕೊಂಡಿತು.

“ತಂಗಿ ಜೋಡಿ ನಾಳೆ ಮಾತಾಡಿದ್ರಾತು,” ಎಂದು ನಕ್ಕರು. “ಮುಂದಿಂದು ಬಂತ ನೋಡು. ಇದನ್ನ ಮುಂಜಾನಿತನಾ ವಿಚಾರ ಮಾಡ್ತೇನಿ.”

ನೀಲಾಂಬಿಕಾ ಅವರ ಪಕ್ಕದಲ್ಲೇ ಕೂತುಬಿಟ್ಟಳು.